ರಾಮಕಿಂಕರರ ಗಾರೆಯ ಕೆಲಸ

ಶಿಲ್ಪವೆಂದರೆ ನಮ್ಮ ಜನಕ್ಕೆ ಥಟ್ಟನೆ ನೆನಪಾಗುವುದು ಬೇಲೂರು, ಹಳೇಬೀಡು. ಮದನಿಕೆಯ ಒಡವೆಯ ಒಂದೊಂದು ಮಣಿಯನ್ನೂ ಎಣಿಸಬಹುದಾದ ಆ ನಾಜೂಕಿಗೆ ಒಗ್ಗಿದ ಕಣ್ಣಿಗೆ ರಾಮಕಿಂಕರ್ ಬೈಜ್ ಅವರ ‘ಸಂತಾಲ ಕುಟುಂಬ’ ಮೊದಲ ನೋಟದಲ್ಲಿ ರುಚಿಸದಿದ್ದರೆ ಆಶ್ಚರ್ಯವಿಲ್ಲ. ಮೈಯೆಲ್ಲ ತರಿತರಿ, ಜಲ್ಲಿ ಎದ್ದು ಕಾಣುತ್ತದೆ. ಗಾರೆಯವನು ಕೆಲಸವನ್ನು ಅರ್ಧಕ್ಕೆ ಬಿಟ್ಟು ಊಟಕ್ಕೆ ಹೋದಂತೆ! ಇದು ಮುಗಿದ ಕೃತಿಯೆ ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆಯನ್ನು ತಳ್ಳಿಹಾಕಬಾರದೆಂದೇ ನನ್ನ ಅಭಿಪ್ರಾಯ. ಅದಕ್ಕೆ ಉತ್ತರ ಹುಡುಕುತ್ತ ಹೋದರೆ ಈ ಕಲಾವಿದರ ಹಿರಿಮೆಯೇ ತಿಳಿಯುತ್ತದೆ.

ರಾಮಕಿಂಕರರು ಹುಟ್ಟಿದ್ದು 1906ರಲ್ಲಿ, ಬಂಗಾಳದ ಬಾಂಕುರಾದ ಬಡ ಕ್ಷೌರಿಕ ಮನೆತನದಲ್ಲಿ. 1925ರಲ್ಲಿ ಶಾಂತಿನಿಕೇತನದ ಕಲಾಭವನಕ್ಕೆ ಬಂದು ನಂದಲಾಲ ಬೋಸರ ಶಿಷ್ಯರಾದರು. 1980ರಲ್ಲಿ ತೀರಿಕೊಳ್ಳುವವರೆಗೆ ಅವರ ಬಾಳಿಗೆಲ್ಲ ಆ ಊರೇ ನೆಲೆ. ‘ಸಂತಾಲ ಕುಟುಂಬ’ವನ್ನು ಅವರು ಅಲ್ಲಿನ ಬಯಲಲ್ಲಿ ನಿಲ್ಲಿಸಿದ್ದು 1938ರಲ್ಲಿ. ಕಾವಡಿ ಹೊತ್ತ ಗಂಡ, ಕಾವಡಿಯ ಬುಟ್ಟಿಯಲ್ಲೊಂದು ಮಗು, ತಲೆಯ ಮೇಲೆ ಹೊರೆ, ಕಂಕುಳಲ್ಲಿ ಕೂಸು ಇರುವ ಹೆಂಡತಿ, ಜೊತೆಗೊಂದು ನಾಯಿ. ಇದ್ದಬದ್ದುದನ್ನೆಲ್ಲ ಹೊತ್ತು ಊರು ಬದಲಿಸುವ ಸಂಸಾರ.

ಕಂಚಿನ ಎರಕಕ್ಕೆ ಹಣವಿರಲಿಲ್ಲ. ಕಾಲಡಿಯಲ್ಲೇ ಸಿಗುತ್ತಿದ್ದ ಜಂಬಿಟ್ಟಿಗೆಯ ಕೆಂಪು ಜಲ್ಲಿಯನ್ನು ಸಿಮೆಂಟಿಗೆ ಬೆರೆಸಿದರು. ನಮ್ಮ ಕರಾವಳಿಯವರು ಮನೆ ಕಟ್ಟುವ ಮುರಕಲ್ಲಿನ ಜಾತಿಯೇ ಅದು. ಲೋಹದ ಹಂದರ ನಿಲ್ಲಿಸಿ, ಗಾರೆಯನ್ನು ಹಿಡಿಹಿಡಿಯಾಗಿ ಅದಕ್ಕೆ ಎಸೆದು, ಬಿಗಿಯುವ ಮುನ್ನ ಕೊರೆದು ತಿದ್ದುವುದು ಅವರ ಕ್ರಮ. ಜೇಡಿಮಣ್ಣಾದರೆ ಇಂದಿನ ಕೆಲಸವನ್ನು ನಾಳೆ ತಿದ್ದಬಹುದು. ಕಲ್ಲಾದರೆ ಯೋಚಿಸಿ ಯೋಚಿಸಿ ಉಳಿ ಇಡಬಹುದು. ಸಿಮೆಂಟು ಕಾಯುವುದಿಲ್ಲ. ಕೈ ಮನಸ್ಸಿನಷ್ಟೇ ವೇಗವಾಗಿ ಓಡಬೇಕು. ಆ ಅವಸರವೇ ಈ ಸಂಸಾರದ ನಡಿಗೆಯಲ್ಲಿ ಇಳಿದಿದೆ ಎನ್ನಬೇಕು.

ಒರಟುತನ ಬಂದದ್ದು ಬಡತನದಿಂದ, ನಿಜ. ಆದರೆ ಅದು ಬಡತನವಾಗಿ ಉಳಿಯಲಿಲ್ಲ. ಈ ಜನ ತುಳಿದು ನಡೆಯುವ ನೆಲವೇ ಅವರ ಮೈಯಾಯಿತು. ಇದೇ ಕುಟುಂಬವನ್ನು ಹೊಳೆಯುವ ಕಂಚಿನಲ್ಲಿ ಊಹಿಸಿಕೊಳ್ಳಿ: ಪಟ್ಟಣದ ವೃತ್ತದಲ್ಲಿ ನಿಂತ ಸ್ಮಾರಕವಾದೀತು, ನಡೆಯುವ ಸಂಸಾರವಾಗಲಾರದು. 1956ರ ‘ಗಿರಣಿಯ ಕರೆ’ಯಲ್ಲಿ ಕೂಲಿಹೆಂಗಸರು ಸೀರೆಯನ್ನು ಗಾಳಿಯಲ್ಲೇ ಒಣಗಿಸುತ್ತ ಓಡುತ್ತಾರೆ. ಅಲ್ಲಿಯೂ ಸಿಮೆಂಟಿನ ಭಾರ ಮರೆತುಹೋಗುತ್ತದೆ.

ಹಾಗೆಂದು ಅವರ ಎಲ್ಲ ಕೃತಿಗಳನ್ನೂ ಒಂದೇ ಸಮನೆ ಹೊಗಳಲಾರೆ. ದೆಹಲಿಯ ರಿಸರ್ವ್ ಬ್ಯಾಂಕಿನ ಬಾಗಿಲಲ್ಲಿ ನಿಂತ ಅವರ ಯಕ್ಷ–ಯಕ್ಷಿಯರಲ್ಲಿ ಗಾತ್ರವಿದೆ, ಗಾಂಭೀರ್ಯವಿದೆ. ಕಲ್ಲು ಬೆಲೆಬಾಳುವುದು, ಮಾದರಿ ಪ್ರಾಚೀನವಾದುದು. ಆದರೂ ಎಸೆದ ಗಾರೆಯಲ್ಲಿ ಮಿಡಿದ ಜೀವ ಅಲ್ಲಿ ನನಗೆ ಕಾಣದು. ಒಳ್ಳೆಯ ಸಾಮಗ್ರಿ ಸಿಕ್ಕಮಾತ್ರಕ್ಕೆ ಒಳ್ಳೆಯ ಶಿಲ್ಪವಾಗುವುದಿಲ್ಲವೆಂಬುದಕ್ಕೆ ಅವರೇ ಸಾಕ್ಷಿ.

ಇದರಿಂದ ಬೇಲೂರಿನ ಶಿಲ್ಪಿಗೆ ಕುಂದೇನೂ ಇಲ್ಲ. ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವ ಬಳಪದ ಕಲ್ಲು ಅವನಿಗೆ ಒದಗಿತು. ಆ ಕಲ್ಲು ಒಪ್ಪುವ ನಾಜೂಕನ್ನು ಅವನು ಕೊನೆಮುಟ್ಟಿಸಿದ. ರಾಮಕಿಂಕರರಿಗೆ ಒದಗಿದ್ದು ಜಲ್ಲಿ. ಜಲ್ಲಿ ಒಪ್ಪುವ ಒರಟನ್ನು ಅವರೂ ಕೊನೆಮುಟ್ಟಿಸಿದರು. ನುಣುಪಾದದ್ದು ಮಾತ್ರವೇ ಮುಗಿದದ್ದು ಎಂಬ ಹಟವನ್ನು ನೋಡುವ ನಾವು ಬಿಡಬೇಕು, ಅಷ್ಟೆ.