ಕಾಲುವೆಯ ಕೊನೆಗೆ ಸುದ್ದಿಯೂ ಮುಟ್ಟದು

ಮಾಧ್ಯಮಗಳು ಸುಮ್ಮನಿದ್ದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ ಎಂಬ ಮಾತು ಈಗ ಎಲ್ಲರ ಬಾಯಲ್ಲೂ ಇದೆ. ಅದಕ್ಕೆ ಕಾರಣವೂ ಉಂಟು. 2016ರ ಸೆಪ್ಟೆಂಬರ್ 12ರಂದು ಕಾವೇರಿ ವಿಚಾರವಾಗಿ ಬೆಂಗಳೂರಿನಲ್ಲಿ ಬಸ್ಸುಗಳು ಹೊತ್ತಿ ಉರಿದಾಗ ಟಿ.ವಿ. ವಾಹಿನಿಗಳು ಅದೇ ದೃಶ್ಯವನ್ನು ಮತ್ತೆ ಮತ್ತೆ ತೋರಿಸಿದವು. ಆದರೆ ಆ ಪಾಠವನ್ನು ರಾಯಚೂರಿಗೂ ಹೇಳುವುದು ತಪ್ಪು. ಇಲ್ಲಿ ಕಾಲುವೆ ನೀರಿನ ಜಗಳ ಬೆಳೆದಿರುವುದೇ ಮೌನದಿಂದ.

ತುಂಗಭದ್ರಾ ಎಡದಂಡೆ ಕಾಲುವೆ ಸುಮಾರು 227 ಕಿ.ಮೀ. ಉದ್ದ. ಮುನಿರಾಬಾದಿನಿಂದ ಹೊರಟ ನೀರು ಗಂಗಾವತಿ, ಸಿಂಧನೂರು ದಾಟಿ ಮಾನ್ವಿ, ರಾಯಚೂರು ಮುಟ್ಟಬೇಕು. ಯೋಜನೆಯ ಲೆಕ್ಕ ಹೆಚ್ಚಾಗಿ ಜೋಳ, ಹತ್ತಿಯಂಥ ಬೆಳೆಗಳದ್ದು. ಮೇಲ್ಭಾಗದಲ್ಲಿ ಬೆಳೆದದ್ದು ಭತ್ತ. ಅದರ ಮೇಲೆ ಅನಧಿಕೃತ ನೀರಾವರಿ, ಕಾಲುವೆಗೇ ಇಳಿಬಿಟ್ಟ ಪಂಪ್‌ಸೆಟ್‌ಗಳು. ಹೀಗಾಗಿ ಮಾನ್ವಿ ಕಡೆಯ ರೈತರು ಪ್ರತಿ ಹಂಗಾಮಿನಲ್ಲೂ ಕೇಳುವುದು ಒಂದೇ: 69ನೇ ಮೈಲಿನಲ್ಲಿ ಗೇಜ್ (ನೀರಿನ ಮಟ್ಟ) ಕಾಪಾಡಿ, 104ನೇ ಮೈಲಿನವರೆಗೆ ನೀರು ಹರಿಸಿ. ಇದು ಸುದ್ದಿಯಾಗುವುದು ಯಾವಾಗ? ರಸ್ತೆ ತಡೆ ನಡೆದಾಗ. ಆಗಲೂ ತಲೆಬರಹದಲ್ಲಿ ಸಂಚಾರ ಅಸ್ತವ್ಯಸ್ತವಾದದ್ದೇ ಮುಂದೆ, ನೀರು ಹಿಂದೆ. ನಾರಾಯಣಪುರ ಬಲದಂಡೆ ಕಾಲುವೆಯ ನೀರಿಗೆ ಕಾಯುವ ದೇವದುರ್ಗದವರ ಪಾಡೂ ಬೇರೆಯಲ್ಲ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ಕ್ಯಾಮೆರಾಗಳು ಅಲ್ಲಿಂದ ಕದಲಲಿಲ್ಲ. ಕದಲಬೇಕಿರಲೂ ಇಲ್ಲ. ಆದರೆ ಒಣಗುವ ಕೊನೆಭಾಗದ ಬಳಿ ಅವು ಎಂದಾದರೂ ಒಂದು ವಾರ ನಿಂತಿವೆಯೇ?

ಇನ್ನೂ ದೊಡ್ಡ ತೊಡಕು ಪತ್ರಿಕೆಗಳ ಜಿಲ್ಲಾ ಪುಟದ್ದು. ಮಾನ್ವಿಯ ಧರಣಿ ರಾಯಚೂರು ಪುಟದಲ್ಲಿ ಬರುತ್ತದೆ, ಗಂಗಾವತಿಯ ಸಭೆ ಕೊಪ್ಪಳ ಪುಟದಲ್ಲಿ. ಒಂದೇ ಕಾಲುವೆಯ ನೀರು ಕುಡಿಯುವ ಇಬ್ಬರು ಒಬ್ಬರ ಸುದ್ದಿಯನ್ನು ಇನ್ನೊಬ್ಬರು ಓದುವುದೇ ಇಲ್ಲ. ಭತ್ತ ಹಾಕಿದವನಿಗೂ ಸಾಲವಿದೆ, ಅವನನ್ನು ನೀರುಗಳ್ಳ ಎಂದು ಕರೆದರೆ ಹನಿ ನೀರೂ ಕೆಳಗೆ ಇಳಿಯದು. ಕೊನೆಭಾಗದವನ ಜಮೀನು ಒಣಗಿದ್ದು ಅವನಿಗೆ, ಅವನ ಸಾಲ ಇವನಿಗೆ ತಿಳಿಯಬೇಕು. ಆ ಕೆಲಸ ಬರೆಯದೆ ಆಗದು.

ಪತ್ರಿಕೆಗಳು ಜಲಾಶಯದ ನೀರಿನ ಮಟ್ಟವನ್ನು ದಿನವೂ ಅಚ್ಚು ಹಾಕುತ್ತವೆ. ಸಂಪಾದಕರೇ, ಅದರ ಕೆಳಗೆ 69 ಮತ್ತು 104ನೇ ಮೈಲಿನ ಗೇಜನ್ನೂ ಹಾಕಿ; ಕೊಪ್ಪಳ, ರಾಯಚೂರು ಎರಡೂ ಪುಟಗಳಲ್ಲಿ ಹಾಕಿ.