ರಂಗನಾಥನ್ ಅವರಿಗೂ ಬೇಸರವಾಗಿತ್ತು

ಆಗಸ್ಟ್ 12 ಬಂತೆಂದರೆ ಕಾಲೇಜು ಗ್ರಂಥಾಲಯಗಳಲ್ಲಿ ಭಾರತದ ಗ್ರಂಥಾಲಯ ಶಾಸ್ತ್ರದ ಪಿತಾಮಹ ಎಸ್.ಆರ್. ರಂಗನಾಥನ್ ಅವರ ಭಾವಚಿತ್ರಕ್ಕೆ ಹಾರ ಬೀಳುತ್ತದೆ. ಗ್ರಂಥಾಲಯವೇ ಕಾಲೇಜಿನ ಹೃದಯ ಎಂದು ಪ್ರಿನ್ಸಿಪಾಲರು ಹೇಳುತ್ತಾರೆ, ಗ್ರಂಥಪಾಲಕರಿಗೆ ಒಂದು ಶಾಲು ಹೊದಿಸುತ್ತಾರೆ, ರಂಗನಾಥನ್ ಅವರ ಐದು ಗ್ರಂಥಾಲಯ ಸೂತ್ರಗಳ ಪಾರಾಯಣ ನಡೆಯುತ್ತದೆ. ಮರುದಿನ ಅದೇ ಗ್ರಂಥಪಾಲಕರನ್ನು ಸ್ಕಾಲರ್‌ಶಿಪ್ ಅರ್ಜಿಗಳ ಪರಿಶೀಲನೆಗೋ ಆಂತರಿಕ ಪರೀಕ್ಷೆಯ ಕೊಠಡಿ ಕಾಯಲಿಕ್ಕೋ ಹಾಕಿರುತ್ತಾರೆ. ‘ಲೈಬ್ರೆರಿಯಲ್ಲಿ ಹೇಗೂ ಕೆಲಸ ಇರೋದಿಲ್ಲವಲ್ಲ ಸರ್’ ಎಂಬ ಮಾತಿಗೆ ಉತ್ತರ ಕೊಟ್ಟು ಕೊಟ್ಟು ಸಾಕಾದವರು ರಾಜ್ಯದಲ್ಲಿ ಬೇಕಾದಷ್ಟಿದ್ದಾರೆ. ಹದಿನೈದಿಪ್ಪತ್ತು ವರ್ಷ ಸರ್ವಿಸ್ ಆಗುವ ಹೊತ್ತಿಗೆ ಅವರಲ್ಲಿ ಅನೇಕರು ಉತ್ತರ ಕೊಡುವುದನ್ನೇ ಬಿಟ್ಟಿರುತ್ತಾರೆ.

ನಡುವಯಸ್ಸಿನ ಈ ಬೇಸರವನ್ನು ಸೋಮಾರಿತನವೆಂದೋ ಉತ್ಸಾಹ ಬತ್ತಿದ್ದೆಂದೋ ಬಗೆಯುವುದು ರೂಢಿ. ಮದ್ದೂ ಅದಕ್ಕೆ ತಕ್ಕಂತೆ: ಒಂದು ಪುನಶ್ಚೇತನ ಶಿಬಿರ, ಎರಡು ಪ್ರೇರಣಾ ಭಾಷಣ, ಕೊನೆಗೊಂದು ಸರ್ಟಿಫಿಕೇಟು. ಅಲ್ಲಿಯೂ ಮಾದರಿಯಾಗಿ ಎದುರಿಗೆ ನಿಲ್ಲಿಸುವುದು ರಂಗನಾಥನ್ ಅವರನ್ನೇ. ಇಪ್ಪತ್ತು ವರ್ಷ ರಜೆಯ ಮುಖ ನೋಡದೆ ದುಡಿದ ಮಹಾನುಭಾವರು! ಆ ಮಹಾನುಭಾವರು ಕೆಲಸಕ್ಕೆ ಸೇರಿದ ಹೊಸತರಲ್ಲಿ ಏನು ಮಾಡಿದರು ಎಂಬುದನ್ನು ಮಾತ್ರ ಭಾಷಣಕಾರರು ಜಾಣತನದಿಂದ ದಾಟಿಬಿಡುತ್ತಾರೆ.

1924ರ ಜನವರಿಯಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಮೊದಲ ಗ್ರಂಥಪಾಲಕರಾಗಿ ನೇಮಕಗೊಂಡಾಗ ರಂಗನಾಥನ್ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಗಣಿತದ ಮೇಷ್ಟ್ರು; ವಯಸ್ಸು 31. ಗ್ರಂಥಾಲಯ ಶಾಸ್ತ್ರದ ಗಂಧಗಾಳಿ ಇರಲಿಲ್ಲ. ಸಂಬಳ ಮೇಷ್ಟರಿಕೆಗಿಂತ ಮೇಲಿತ್ತು, ಅರ್ಜಿ ಹಾಕಿದ್ದರು. ಸಂದರ್ಶನಕ್ಕೆ ಮುಂಚೆ ಎನ್‌ಸೈಕ್ಲೊಪೀಡಿಯಾ ಬ್ರಿಟಾನಿಕಾ ತೆಗೆದು ಗ್ರಂಥಾಲಯದ ಮೇಲಿನ ಲೇಖನ ಓದಿಕೊಂಡು ಹೋದರು ಎಂಬ ಕತೆಯೂ ಇದೆ. ಕೆಲಸ ಸಿಕ್ಕಿತು. ಪಾಠವಿಲ್ಲ, ವಿದ್ಯಾರ್ಥಿಗಳಿಲ್ಲ, ಮಾತಾಡುವವರಿಲ್ಲ. ಕೆಲವೇ ದಿನಗಳಲ್ಲಿ ಆ ಏಕಾಂತ ತಡೆಯಲಾರದೆ, ನನ್ನ ಹಳೆಯ ಕೆಲಸವನ್ನೇ ಕೊಟ್ಟುಬಿಡಿ ಎಂದು ಹೋಗಿ ಕೇಳಿದರು. ಆಗ ಆದ ಒಪ್ಪಂದ ಹೀಗಿತ್ತು: ಲಂಡನ್ನಿಗೆ ಹೋಗಿ ಅಲ್ಲಿನ ಗ್ರಂಥಾಲಯ ಪದ್ಧತಿ ಕಲಿತು ಬರುವುದು, ಬಂದ ಮೇಲೂ ಬೇಡವೆನಿಸಿದರೆ ಗಣಿತದ ಹುದ್ದೆ ಮತ್ತೆ ಅವರಿಗೇ.

ಲಂಡನ್ನಿನಲ್ಲಿ ಡಬ್ಲ್ಯು.ಸಿ. ಬೆರ್ವಿಕ್ ಸೇಯರ್ಸ್ ಅವರ ಪಾಠ ಕೇಳಿದರು, ಬ್ರಿಟನ್ನಿನ ನೂರಕ್ಕೂ ಹೆಚ್ಚು ಗ್ರಂಥಾಲಯಗಳನ್ನು ಸುತ್ತಿದರು. ಸೆಲ್ಫ್ರಿಜಸ್ ಅಂಗಡಿಯಲ್ಲಿ ಕಂಡ ಮೆಕ್ಯಾನೊ ಆಟಿಕೆ ಅವರ ತಲೆ ಹೊಕ್ಕಿದ್ದು ಆಗಲೇ. ಅದೇ ಪಟ್ಟಿ, ಅದೇ ನಟ್ಟು ಬೋಲ್ಟುಗಳನ್ನು ಬೇರೆ ಬೇರೆ ಬಗೆಯಲ್ಲಿ ಜೋಡಿಸಿದರೆ ಬೇರೆ ಬೇರೆ ಆಟಿಕೆಯಾಗುತ್ತದೆ. ಪುಸ್ತಕದ ವಿಷಯವನ್ನೂ ಹೀಗೆ ಬಿಡಿಭಾಗಗಳಾಗಿ ಒಡೆದು ಜೋಡಿಸಬಾರದೇಕೆ ಎಂಬ ಯೋಚನೆ ಕೋಲನ್ ವರ್ಗೀಕರಣವಾಗಿ 1933ರಲ್ಲಿ ಅಚ್ಚಾಯಿತು. ಅದಕ್ಕೆ ಎರಡು ವರ್ಷ ಮುಂಚೆ, 1931ರಲ್ಲಿ, ಐದು ಸೂತ್ರಗಳ ಪುಸ್ತಕ ಬಂದಿತ್ತು. 1925ರಲ್ಲಿ ಹಿಂದಿರುಗಿದ ಮೇಲೆ ಗಣಿತದ ಹುದ್ದೆ ಅವರಿಗೆ ನೆನಪಾಗಲೇ ಇಲ್ಲ.

ಈ ಕತೆಯನ್ನು ಸಾಧಕನ ಛಲದ ಕತೆಯೆಂದು ಓದಿದರೆ ಅರ್ಧ ಮಾತ್ರ ಓದಿದಂತೆ. ಬೇಸರವಾಗಿದೆ ಎಂದು ಬಾಯಿಬಿಟ್ಟು ಹೇಳಿದ ನೌಕರನಿಗೆ ಸಂಸ್ಥೆ ನೋಟಿಸು ಕೊಡಲಿಲ್ಲ. ಸಮಯ ಕೊಟ್ಟಿತು, ಪ್ರವಾಸ ಕೊಟ್ಟಿತು, ಹಿಂದೆ ಬರುವ ದಾರಿಯನ್ನು ತೆರೆದಿಟ್ಟಿತು. ಮರಳಿದ ಮೇಲೆ ಗ್ರಂಥಾಲಯವನ್ನು ತನ್ನ ಮನಸ್ಸಿಗೆ ಬಂದಂತೆ ಕಟ್ಟುವ ಅಧಿಕಾರವನ್ನೂ ಕೊಟ್ಟಿತು. ಇಂದಿನ ಗ್ರಂಥಪಾಲಕರಿಂದ ರಂಗನಾಥನ್ ಅವರ ನಿಷ್ಠೆಯನ್ನು ಕೇಳುವವರು ಮದ್ರಾಸ್ ವಿಶ್ವವಿದ್ಯಾಲಯದ ಈ ಔದಾರ್ಯವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಬೇಸರಕ್ಕೆ ಸಂಬಳವೇ ಕಾರಣವೆನ್ನಲೂ ಆಗದು. ಯುಜಿಸಿ ಶ್ರೇಣಿಯ ಕಾಲೇಜು ಗ್ರಂಥಪಾಲಕರು ಅಸಿಸ್ಟೆಂಟ್ ಪ್ರೊಫೆಸರರಂತೆಯೇ ಹತ್ತನೆಯ ಹಂತದಲ್ಲಿ, 57,700 ರೂಪಾಯಿ ಮೂಲವೇತನದಿಂದ ಆರಂಭಿಸುತ್ತಾರೆ. ಅದೇ ಸ್ನಾತಕೋತ್ತರ ಪದವಿ, ಅದೇ ನೆಟ್ ಪರೀಕ್ಷೆ. ಸಂಬಳ ಸಮನಾದರೂ ಸ್ಟಾಫ್ ಮೀಟಿಂಗಿನಲ್ಲಿ ಅವರ ಕುರ್ಚಿ ಕೊನೆಯ ಸಾಲಿನಲ್ಲೇ. ಈ ಶ್ರೇಣಿಯ ಹೊರಗೆ, ಖಾಸಗಿ ಕಾಲೇಜು ಶಾಲೆಗಳಲ್ಲಿ, ಕುರ್ಚಿಯ ಮಾತಿರಲಿ, ಸಂಬಳವೇ ಬೇರೆ ಕತೆ.

ಬೇಸರದ ಬೇರು ಹುಡುಕುವವರು ಹತ್ತಿರದಿಂದ ನೋಡಬೇಕಾದದ್ದು ಸ್ಟಾಕ್ ವೆರಿಫಿಕೇಷನ್ ಎಂಬ ವಾರ್ಷಿಕ ವಿಧಿಯನ್ನು. ಅಕ್ಸೆಷನ್ ರಿಜಿಸ್ಟರ್ ಬಿಚ್ಚಿ ಒಬ್ಬರು ನಂಬರ್ ಕೂಗುತ್ತಾರೆ, ಇನ್ನೊಬ್ಬರು ಬೀರುವಿನಲ್ಲಿ ಪುಸ್ತಕ ಹುಡುಕಿ ‘ಇದೆ’ ಎನ್ನುತ್ತಾರೆ. ಬಾರ್‌ಕೋಡ್ ಇರುವಲ್ಲಿ ಸ್ಕ್ಯಾನರ್ ಕೂಗುತ್ತದೆ, ವಿಧಿ ಒಂದೇ. ಕೊನೆಗೆ ಸಿಗದ ಪುಸ್ತಕಗಳ ಪಟ್ಟಿ ಸಿದ್ಧವಾಗುತ್ತದೆ. ಆಡಿಟ್ ಆಕ್ಷೇಪಣೆ ಬರುತ್ತದೆ. ನಿವೃತ್ತಿ ಹತ್ತಿರವಾದವರಿಗೆ ಆ ಪಟ್ಟಿ ನಿದ್ದೆಗೆಡಿಸುತ್ತದೆ, ಏಕೆಂದರೆ ಬಾಕಿ ಚುಕ್ತಾ ಆಗದೆ ಪಿಂಚಣಿಯ ಫೈಲು ಅಲುಗುವುದಿಲ್ಲ. ಇಂಥ ಭಯದಲ್ಲಿ ಬದುಕುವವರು ಮಾಡುವ ಕೆಲಸವನ್ನೇ ಗ್ರಂಥಪಾಲಕರೂ ಮಾಡುತ್ತಾರೆ: ಬೀರುವಿಗೆ ಬೀಗ ಹಾಕುತ್ತಾರೆ. ಒಳ್ಳೆಯ ಪುಸ್ತಕವಾದರೆ ಎರಡು ಬೀಗ. ಪುಸ್ತಕ ಇರುವುದೇ ಬಳಕೆಗೆ ಎಂಬ ಮೊದಲ ಸೂತ್ರದ ಚೌಕಟ್ಟು ಆ ಬೀರುವಿನ ಮೇಲೆಯೇ ತೂಗುತ್ತಿರುತ್ತದೆ.

ವಿಚಿತ್ರವೆಂದರೆ ನಿಯಮ ಇಷ್ಟು ಕ್ರೂರವಾಗಿಲ್ಲ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ 215ನೆಯದು ಗ್ರಂಥಾಲಯದ ಬಗ್ಗೆಯೇ ಇದೆ. 20,000 ಸಂಪುಟಗಳವರೆಗೆ ಇದ್ದರೆ ಪ್ರತಿ ವರ್ಷ ಪೂರ್ತಿ ಪರಿಶೀಲನೆ, 50,000ದವರೆಗೆ ಇದ್ದರೆ ಮೂರು ವರ್ಷಕ್ಕೊಮ್ಮೆ, ಅದಕ್ಕೂ ಹೆಚ್ಚಿದ್ದರೆ ಮಾದರಿ ಪರಿಶೀಲನೆ ಸಾಕು. ಎರವಲು ಕೊಟ್ಟ ಅಥವಾ ಓದಲು ಬಳಸಿದ ಪ್ರತಿ ಸಾವಿರ ಸಂಪುಟಕ್ಕೆ ವರ್ಷದಲ್ಲಿ ಐದು ಕಳೆದರೆ ಅದು ಸಹಜ ನಷ್ಟ. ಅಪ್ರಾಮಾಣಿಕತೆ, ನಿರ್ಲಕ್ಷ್ಯ ಇರಬಾರದು ಅಷ್ಟೆ. 1,000 ರೂಪಾಯಿ ಮೀರಿದ ಅಥವಾ ಅಪರೂಪದ ಪುಸ್ತಕವಾದರೆ ಮಾತ್ರ ವಿಚಾರಣೆ ಕಡ್ಡಾಯ. ಅಂದರೆ ವರ್ಷಕ್ಕೆ 12,000 ಸಲ ಪುಸ್ತಕ ಕೈಬದಲಾಯಿಸುವ ಗ್ರಂಥಾಲಯದಲ್ಲಿ 60 ಪುಸ್ತಕ ಕಳೆದರೂ ಯಾರ ತಲೆಯೂ ಹೋಗಬೇಕಿಲ್ಲ. ಇನ್ನೊಂದು ಸೂಕ್ಷ್ಮವೂ ಇದೆ. ಹೆಚ್ಚು ಪುಸ್ತಕ ಓಡಾಡಿದಷ್ಟೂ ವಿನಾಯಿತಿ ಹೆಚ್ಚು. ಬೀಗ ಹಾಕಿದವರಿಗೆ ವಿನಾಯಿತಿಯೇ ಇಲ್ಲ. ಕೇಂದ್ರದ ಈ ನಿಯಮ ರಾಜ್ಯದ ಕಾಲೇಜುಗಳಿಗೆ ನೇರವಾಗಿ ಅನ್ವಯಿಸದು, ನಿಜ. ಆದರೆ ಇದರ ಹಿಂದಿನ ವಿವೇಕಕ್ಕೆ ಗಡಿಯೇನೂ ಇಲ್ಲವಲ್ಲ.

ಭಯದ ಜೊತೆಗೆ ಸೇರಿಕೊಂಡದ್ದು ಅವಮಾನ. ‘ಎಲ್ಲಾ ಗೂಗಲ್‌ನಲ್ಲಿ ಸಿಗುತ್ತೆ, ಲೈಬ್ರೆರಿ ಯಾಕೆ?’ ಎಂಬ ಪ್ರಶ್ನೆ ಈಗ ವಿದ್ಯಾರ್ಥಿಗಳಿಗಿಂತ ಹೆಚ್ಚಾಗಿ ಆಡಳಿತ ಮಂಡಳಿಯವರ ಬಾಯಲ್ಲಿ ಬರುತ್ತದೆ. ಆನ್‌ಲೈನ್ ಅಂಗಡಿಯಲ್ಲಿ ಸೀರೆ ಹುಡುಕುವವರು ಪರದೆಯ ಎಡಬದಿಯಲ್ಲಿ ಬಣ್ಣ, ಬೆಲೆ, ಬಟ್ಟೆಯ ಬಗೆ ಎಂದು ಒಂದೊಂದನ್ನೇ ಆರಿಸಿ ಸಾವಿರ ಸೀರೆಗಳನ್ನು ಹತ್ತಕ್ಕೆ ಇಳಿಸುತ್ತಾರಲ್ಲ, ಆ ತಂತ್ರದ ಬೇರು ರಂಗನಾಥನ್ ಅವರ ಕೋಲನ್ ಪದ್ಧತಿಯ ಮುಖವಾರು (ಫ್ಯಾಸೆಟ್) ವರ್ಗೀಕರಣದಲ್ಲಿದೆ. ಭಾರತದಲ್ಲಿ 1950ರಲ್ಲಿ ಶ್ವಾಸಕೋಶದ ಕ್ಷಯಕ್ಕೆ ಎಕ್ಸ್-ರೇ ಚಿಕಿತ್ಸೆಯ ಬಗ್ಗೆ ನಡೆದ ಸಂಶೋಧನೆ ಎಂಬಂಥ ಉದ್ದನೆಯ ವಿಷಯವನ್ನು ಅವರು ಅಂಗ, ರೋಗ, ಚಿಕಿತ್ಸೆ, ದೇಶ, ಕಾಲ ಎಂದು ಬಿಡಿಸಿ, ನಡುನಡುವೆ ಅಲ್ಪವಿರಾಮ, ಅರ್ಧವಿರಾಮ, ಕೋಲನ್ ಇಟ್ಟು ಒಂದೇ ಸಂಖ್ಯೆಗೆ ಇಳಿಸುತ್ತಿದ್ದರು. ಇಂಥ ಸಂಖ್ಯೆ ಕಟ್ಟುವುದನ್ನು ಗ್ರಂಥಾಲಯ ಶಾಸ್ತ್ರದ ವಿದ್ಯಾರ್ಥಿಗಳು ಪರೀಕ್ಷೆಗಾಗಿ ವರ್ಷಗಟ್ಟಲೆ ಕಲಿಯುತ್ತಾರೆ. ಕೆಲಸಕ್ಕೆ ಸೇರಿದ ದಿನದಿಂದ ಬೇರೆಯೇ ಆದ ಡ್ಯೂಯಿ ದಶಮಾಂಶ ಪದ್ಧತಿಯ ನಂಬರ್ ಬರೆದು ಅಂಟಿಸುತ್ತಾರೆ. ಕಲಿತದ್ದಕ್ಕೂ ಮಾಡುವುದಕ್ಕೂ ಇಷ್ಟು ದೂರವಿರುವ ವೃತ್ತಿಗಳು ಕಡಿಮೆ.

ಇಂಟರ್ನೆಟ್ಟಿನಿಂದ ಗ್ರಂಥಪಾಲಕರ ಕೆಲಸ ಕಡಿಮೆಯಾಯಿತು ಎಂಬ ನಂಬಿಕೆಯೂ ಪೊಳ್ಳೇ. ಯುಜಿಸಿಯ 2018ರ ಕೃತಿಚೌರ್ಯ ನಿಯಮ ಬಂದ ಮೇಲೆ ಪಿಎಚ್‌.ಡಿ. ಪ್ರಬಂಧದ ಹೋಲಿಕೆ ಶೇ 10ರ ಒಳಗಿದೆಯೇ ಎಂದು ತಂತ್ರಾಂಶದಲ್ಲಿ ನೋಡುವ ಕೆಲಸ ಬಹಳ ಕಡೆ ಗ್ರಂಥಾಲಯದ ಪಾಲಿಗೆ ಬಂತು. ಪ್ರಬಂಧ ಕನ್ನಡದ್ದಾದರೆ ತಾಪತ್ರಯ ಇಮ್ಮಡಿ: ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪಾಗಿದ್ದರೆ ಯಂತ್ರಕ್ಕೆ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ, ಹಾಗಾಗಿ ಎಂಥ ಕಳ್ಳಮಾಲಾದರೂ ಪಾಸು. ಪಿಎಚ್.ಡಿ. ಪ್ರಬಂಧಗಳ ಆನ್‌ಲೈನ್ ಭಂಡಾರವಾದ ಶೋಧಗಂಗಾಕ್ಕೆ ಪ್ರಬಂಧ ಏರಿಸಬೇಕು. ನ್ಯಾಕ್‌ಗೆ ಮಾನ್ಯತೆಯ ಮೌಲ್ಯಮಾಪನಕ್ಕಾಗಿ ಅಂಕಿ ಅಂಶ ಒದಗಿಸಬೇಕು. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಗೆ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. 30 ಅಂತರರಾಷ್ಟ್ರೀಯ ಪ್ರಕಾಶಕರ ಸುಮಾರು 13,000 ಸಂಶೋಧನಾ ಪತ್ರಿಕೆಗಳು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಸಿಗುತ್ತವೆ. ಅವುಗಳಲ್ಲಿ ತನಗೆ ಬೇಕಾದ ಒಂದು ಲೇಖನವನ್ನು ಹುಡುಕುವುದು ಹೇಗೆಂದು ತಾಲ್ಲೂಕು ಕೇಂದ್ರದ ಎಂ.ಎ. ವಿದ್ಯಾರ್ಥಿನಿಯನ್ನು ಕೂರಿಸಿಕೊಂಡು ಹೇಳಿಕೊಡಬೇಕಾದವರು ಯಾರು? ಅವರು ಆ ಹೊತ್ತಿನಲ್ಲಿ ಪರೀಕ್ಷಾ ಕೊಠಡಿಯಲ್ಲಿರುತ್ತಾರೆ.

ಹಾಗೆಂದು ವೃತ್ತಿಯವರನ್ನು ಪೂರ್ತಿ ಅಮಾಯಕರೆನ್ನಲಾಗದು. ಬೇಸರವನ್ನೇ ಮೆತ್ತನೆಯ ಕುರ್ಚಿ ಮಾಡಿಕೊಂಡು ಕುಳಿತವರೂ ಇದ್ದಾರೆ. ಬಡ್ತಿಯ ಅಂಕಗಳಿಗಾಗಿ ನಡೆಯುವ ಸಂಶೋಧನೆಯನ್ನೇ ನೋಡಿ: ‘ಇಂಥ ಕಾಲೇಜಿನ ವಿದ್ಯಾರ್ಥಿಗಳಲ್ಲಿ ಇ-ಸಂಪನ್ಮೂಲಗಳ ಅರಿವು ಮತ್ತು ಬಳಕೆ’ ಎಂಬ ಒಂದೇ ಅಚ್ಚಿನಿಂದ ಕಾಲೇಜಿನ ಹೆಸರು ಬದಲಾಯಿಸಿ ತೆಗೆದ ಪ್ರಬಂಧಗಳಿಗೆ ಲೆಕ್ಕವಿಲ್ಲ. ಪ್ರಶ್ನಾವಳಿ, ಶೇಕಡಾವಾರು, ಕೋಷ್ಟಕ. ವಿದ್ಯಾರ್ಥಿಗಳಿಗೆ ತರಬೇತಿ ಬೇಕು ಎಂಬ ತೀರ್ಮಾನ. ಆ ತರಬೇತಿ ಕೊಡಬೇಕಾದವರೇ ಪ್ರಬಂಧ ಬರೆದವರು ಎಂಬುದು ಯಾರಿಗೂ ಹೊಳೆಯುವುದಿಲ್ಲ.

ಕಲಿತದ್ದಕ್ಕೆ ತಕ್ಕ ಕೆಲಸವಿಲ್ಲದ ನೌಕರಿಯ ಸಂಕಟ ನಮ್ಮಲ್ಲಿ ಮಾತ್ರ ಇರುವುದಲ್ಲ. ಅರ್ಜೆಂಟೀನಾದ ಲೇಖಕ ಹೋರ್ಹೆ ಲೂಯಿಸ್ ಬೋರ್ಹೆಸ್ ಬ್ಯೂನಸ್ ಐರಿಸ್‌ನ ಮಿಗೆಲ್ ಕಾನೆ ಎಂಬ ಬಡಾವಣೆಯ ಗ್ರಂಥಾಲಯದಲ್ಲಿ 1938ರ ಆಸುಪಾಸಿನಿಂದ ಒಂಬತ್ತು ವರ್ಷ ಸಣ್ಣ ನೌಕರಿ ಮಾಡಿದರು. ಹದಿನೈದು ಜನರ ಕೆಲಸಕ್ಕೆ ಐವತ್ತು ಜನ ಇದ್ದರು. ಮೊದಲ ದಿನವೇ ಅವರು ನಾನೂರು ಪುಸ್ತಕ ವರ್ಗೀಕರಿಸಿದ್ದನ್ನು ಕಂಡು ಸಹೋದ್ಯೋಗಿಗಳು ಗಾಬರಿಯಾಗಿ, ಹೀಗಾದರೆ ನಮ್ಮೆಲ್ಲರ ಹೊಟ್ಟೆಪಾಡು ಹೋದಂತೆಯೇ, ನಿಧಾನ ಮಾಡು ಎಂದರಂತೆ. ಅಲ್ಲಿನ ಒಬ್ಬ ನೌಕರ ವಿಶ್ವಕೋಶದಲ್ಲಿ ಬೋರ್ಹೆಸ್ ಎಂಬ ಲೇಖಕನ ಹೆಸರು ನೋಡಿ, ನಿನ್ನದೇ ಹೆಸರಿನವನೊಬ್ಬ ಇದ್ದಾನಲ್ಲ ಎಂದು ಬೆರಗಾದದ್ದೂ ಉಂಟು. ದಿನದ ಕೆಲಸ ಒಂದು ಗಂಟೆಯಲ್ಲಿ ಮುಗಿಸಿ ಅವರು ನೆಲಮಾಳಿಗೆಗೆ ಇಳಿದು ಓದುತ್ತಿದ್ದರು, ಬರೆಯುತ್ತಿದ್ದರು. 1941ರ ‘ದಿ ಲೈಬ್ರರಿ ಆಫ್ ಬೇಬಲ್’ ಕತೆ ಆ ಗ್ರಂಥಾಲಯದ್ದೇ ದುಃಸ್ವಪ್ನ. 1946ರಲ್ಲಿ ಪೆರೋನ್ ಸರ್ಕಾರ ಅವರಿಗೆ ‘ಬಡ್ತಿ’ ಕೊಟ್ಟು ಮಾರುಕಟ್ಟೆಯ ಕೋಳಿಗಳ ಇನ್ಸ್‌ಪೆಕ್ಟರ್ ಮಾಡಿತು; ರಾಜೀನಾಮೆ ಬಿಸಾಕಿದರು. ಬೋರ್ಹೆಸ್ ಪ್ರತಿಭೆ ಬೇಸರವನ್ನು ಕತೆಯಾಗಿಸಿತು, ಒಪ್ಪೋಣ. ಆದರೆ ಆ ಗ್ರಂಥಾಲಯಕ್ಕೆ, ಅದರ ಓದುಗರಿಗೆ ಆ ಒಂಬತ್ತು ವರ್ಷಗಳಿಂದ ದಕ್ಕಿದ್ದು ಏನೂ ಇಲ್ಲ. ಪ್ರತಿಭಾವಂತನೊಬ್ಬನಿಂದ ಕೆಲಸ ತೆಗೆದುಕೊಳ್ಳಲು ಬಾರದ ಸಂಸ್ಥೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ಒಳ್ಳೆಯ ಕೆಲಸ ಕಾಣದಿರುವುದು ಸಂಸ್ಥೆಗಳಿಗೆ ಮಾತ್ರವಲ್ಲ. ಕನ್ನಡದ ಪತ್ರಿಕೆಗಳಿಗೆ ಗ್ರಂಥಾಲಯದ ಸುದ್ದಿ ರುಚಿಸುವುದು ಒಂದೇ ಬಗೆಯಲ್ಲಿ. ಪಾಂಡವಪುರ ತಾಲ್ಲೂಕಿನ ಹರಳಹಳ್ಳಿಯಲ್ಲಿ ಅಂಕೇಗೌಡರು ಬಸ್ ಕಂಡಕ್ಟರಿಕೆ, ಸಕ್ಕರೆ ಕಾರ್ಖಾನೆಯ ಕೆಲಸದ ದುಡಿಮೆಯಲ್ಲಿ ಲಕ್ಷಾಂತರ ಪುಸ್ತಕ ಸೇರಿಸಿದರು. ಮೈಸೂರಿನ ರಾಜೀವನಗರದಲ್ಲಿ ಕೂಲಿ ಕೆಲಸದ ಸೈಯದ್ ಇಸಾಕ್ ನಡೆಸುತ್ತಿದ್ದ ಗ್ರಂಥಾಲಯ 2021ರ ಏಪ್ರಿಲ್‌ನಲ್ಲಿ ಸುಟ್ಟುಹೋದಾಗ ಎಲ್ಲೆಲ್ಲಿಂದಲೋ ನೆರವು ಹರಿಯಿತು. ಇಬ್ಬರ ಸಾಧನೆಯೂ ದೊಡ್ಡದು, ಪ್ರಶ್ನೆಯೇ ಇಲ್ಲ. ಆದರೆ ತ್ಯಾಗ ಮಾಡಿದವರನ್ನು ಮಾತ್ರ ಕೊಂಡಾಡುವ ಊರಿನಲ್ಲಿ ಸಂಬಳಕ್ಕೆ ಅದೇ ಕೆಲಸವನ್ನು ಚೆನ್ನಾಗಿ ಮಾಡುವವರು ಕಾಣುವುದೇ ಇಲ್ಲ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳ ಮೇಲ್ವಿಚಾರಕರನ್ನೇ ನೋಡಿ. 2019ರಲ್ಲಿ ಈ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಸೇರಿದವು, 2020ರಲ್ಲಿ ಮಕ್ಕಳ ಓದಿನ ಅಭಿಯಾನ ‘ಓದುವ ಬೆಳಕು’ ಬಂತು, ಕೋವಿಡ್ಡಿನಿಂದ ಶಾಲೆ ಮುಚ್ಚಿದ್ದ ದಿನಗಳಲ್ಲಿ ಹಳ್ಳಿಯ ಮಕ್ಕಳನ್ನು ಪುಸ್ತಕದ ಹತ್ತಿರ ಕರೆದವರು ಇವರೇ. ತಿಂಗಳುಗಟ್ಟಲೆ ಗೌರವಧನ ಬಾರದೆ ಧರಣಿ ಕೂತಾಗ ಮಾತ್ರ ಇವರು ಸುದ್ದಿಯಾಗುತ್ತಾರೆ.

ದುಡ್ಡು ಬೇಕಾದ ಸುಧಾರಣೆಗಳು ನಿಧಾನವಾಗಿಯೇ ಬರಲಿ. ದುಡ್ಡೇ ಬೇಡದ ಒಂದು ಕೆಲಸವನ್ನು ಉನ್ನತ ಶಿಕ್ಷಣ ಇಲಾಖೆಯೂ ಖಾಸಗಿ ಆಡಳಿತ ಮಂಡಳಿಗಳೂ ಈ ವರ್ಷವೇ ಮಾಡಬಹುದು. ಬಳಕೆಯಾದ ಸಾವಿರಕ್ಕೆ ಐದು ಪುಸ್ತಕ ಸಹಜ ನಷ್ಟ, ಅದಕ್ಕೆ ಗ್ರಂಥಪಾಲಕರು ಹೊಣೆಯಲ್ಲ ಎಂದು ಲಿಖಿತ ಸುತ್ತೋಲೆ ಹೊರಡಿಸಲಿ, ಅದರ ಪ್ರತಿಯನ್ನು ಆಡಿಟರ್‌ಗೂ ಕಳುಹಿಸಲಿ. ಜೊತೆಗೆ, ಗ್ರಂಥಾಲಯದ ವಾರ್ಷಿಕ ವರದಿಯಲ್ಲಿ, ಬೀರುವಿನಲ್ಲಿರುವ ಪುಸ್ತಕಗಳ ಲೆಕ್ಕಕ್ಕಿಂತ ಮೊದಲು ಹೊರಗೆ ಹೋದ ಪುಸ್ತಕಗಳ ಲೆಕ್ಕ ಕೇಳಲಿ.