ಖಡ್ಗದ ಅಂಕಿತವೂ ಆಕೃತಿಯೂ

ಯುರೋಪಿನ ಮಧ್ಯಯುಗದ ಖಡ್ಗಗಳನ್ನು ಗುರುತಿಸುವುದರಲ್ಲಿ ಈವರ್ಟ್ ಓಕ್‌ಷಾಟ್ ಅವರು 1960ರಲ್ಲಿ ಪ್ರಕಟಿಸಿದ ವರ್ಗೀಕರಣವು ಇಂದಿಗೂ ಮಾನ್ಯವಾಗಿದೆ. ಅದರ ಗುಣದೋಷವಿಚಾರವು ಶಸ್ತ್ರಪರೀಕ್ಷಕರಿಗೆ ಮಾತ್ರವೇ ಸೇರಿದುದೆಂದು ಭಾವಿಸಬೇಕಾಗಿಲ್ಲ. ಗ್ರಂಥಸಂಪಾದಕರು ನಿತ್ಯವೂ ಎದುರಿಸುವ ಪ್ರಶ್ನೆಯೇ ಇಲ್ಲಿಯೂ ಇದೆ: ಕೃತಿಯ ಕರ್ತೃವನ್ನೂ ಕಾಲವನ್ನೂ ಅಂಕಿತದಿಂದ ತಿಳಿಯತಕ್ಕುದೋ, ಅದರ ಒಡಲಿನಿಂದ ತಿಳಿಯತಕ್ಕುದೋ?

ಅಂಕಿತವನ್ನೇ ನಂಬುವವರು ‘ಉಲ್ಫ್‌ಬೆರ್ಟ್’ ಎಂಬ ಹೆಸರಿನ ಕಥೆಯನ್ನು ಗಮನಿಸಬೇಕು. ಅಲಗಿನಲ್ಲಿ ಈ ಹೆಸರನ್ನು ಲೋಹದ ಅಕ್ಷರಗಳಿಂದ ಕೂಡಿಸಿರುವ ಸುಮಾರು 170 ಕತ್ತಿಗಳು ದೊರೆತಿವೆ. ಅವು ಒಂಬತ್ತನೆಯ ಶತಮಾನದಿಂದ ಹನ್ನೊಂದನೆಯದರವರೆಗೆ ಹರಡಿರುವುದರಿಂದ ಒಬ್ಬನೇ ಕಮ್ಮಾರನ ಕೈಗೆಲಸವಾಗಿರಲಾರವು. ಬರೆವಣಿಗೆಯೂ ಏಕರೂಪವಾಗಿಲ್ಲ. ಶಿಲುಬೆಯ ಗುರುತು ಕೆಲವೆಡೆ ಕೊನೆಯ ಅಕ್ಷರಕ್ಕೆ ಮೊದಲೂ, ಕೆಲವೆಡೆ ಅದರ ಅನಂತರವೂ ಬಂದಿದೆ. ಆಲನ್ ವಿಲಿಯಮ್ಸ್ ಅವರು ಲೋಹಪರೀಕ್ಷೆ ನಡೆಸಿ 2009ರಲ್ಲಿ ತಿಳಿಸಿದಂತೆ, ಮೊದಲನೆಯ ಬಗೆಯ ಹಲವು ಅಲಗುಗಳು ಇಂಗಾಲವು ಅಧಿಕವಾಗಿರುವ ಉತ್ತಮವಾದ ಉಕ್ಕಿನವು. ಬೇರೆ ಬಗೆಯವುಗಳಲ್ಲಿ ಅನೇಕವು ಕೀಳುತರದವು. ಪ್ರಸಿದ್ಧರಾದ ದಾಸರ ಅಂಕಿತದಲ್ಲಿ ಅನ್ಯರ ಪದಗಳೂ ಸೇರಿಹೋಗಿರುವುದನ್ನು ಬಲ್ಲ ನಮಗೆ ಇದು ಆಶ್ಚರ್ಯಕರವಲ್ಲ. ಹದಿನಾರನೆಯ ಶತಮಾನದ ಇಟಲಿಯ ಆಂದ್ರೆಯಾ ಫೆರಾರಾನ ಹೆಸರು ಮುಂದಿನ ಎರಡು ಶತಮಾನಗಳ ಸ್ಕಾಟ್ಲೆಂಡಿನ ಕತ್ತಿಗಳ ಮೇಲೆ ನಾನಾ ವರ್ಣವಿನ್ಯಾಸಗಳಲ್ಲಿ ಕಾಣುತ್ತದೆ. ಅವುಗಳ ಅಲಗುಗಳು ಬಹುಮಟ್ಟಿಗೆ ಜರ್ಮನಿಯ ಜೋಲಿಂಗೆನ್ ಪಟ್ಟಣದವು!

ನಾರ್ವೆಯ ಯಾನ್ ಪೆಟರ್ಸನ್ ಅವರು 1919ರಲ್ಲಿ ವೈಕಿಂಗರ ಕತ್ತಿಗಳನ್ನು ವಿಂಗಡಿಸಿದುದು ಮುಖ್ಯವಾಗಿ ಹಿಡಿಯ ರೂಪದಿಂದ. ಓಕ್‌ಷಾಟ್ ಅವರು ಆ ಬಳಿಕದ ಕಾಲದ ಕತ್ತಿಗಳಿಗೆ ಅಲಗನ್ನೇ ಆಧಾರವಾಗಿ ಹಿಡಿದರು. (ಹಿಂದಿನವರು ಎಣಿಸಿದ್ದ ವರ್ಗಗಳನ್ನು ಮುಂದುವರಿಸಿದುದರಿಂದ ಅವರ ಪಟ್ಟಿಯು ಹತ್ತರಿಂದ ಆರಂಭವಾಗುತ್ತದೆ, ಹೊಸಬರಿಗೆ ಇದೊಂದು ತೊಡಕು.) ಈ ಆಯ್ಕೆಯಲ್ಲಿಯೇ ಅವರ ಹಿರಿಮೆಯಿದೆ. ಹತ್ತನೆಯ ವರ್ಗದ ಅಲಗು ಅಗಲವಾದುದು, ಚಪ್ಪಟೆಯಾದುದು. ಅದರ ನಡುವೆ ಮೊನೆಯ ಹತ್ತಿರದವರೆಗೂ ಸಾಗುವ ತೋಡು ಭಾರವನ್ನು ಇಳಿಸುತ್ತದೆ. ಅದು ಕಡಿಯುವ ಕತ್ತಿ. ಹದಿನಾಲ್ಕನೆಯ ಶತಮಾನದಲ್ಲಿ ಯೋಧನ ಮೈಯನ್ನು ಉಕ್ಕಿನ ತಗಡುಗಳು ಮುಚ್ಚತೊಡಗಲು ಕಡಿತವು ನಿಷ್ಫಲವಾಯಿತು. ಕವಚದ ಸಂದುಗಳಲ್ಲಿ ಇರಿಯಬೇಕಾಯಿತು. ಹದಿನೈದನೆಯ ವರ್ಗದ ಅಲಗಿನಲ್ಲಿ ತೋಡು ಮಾಯವಾಗಿ ನಡುವೆ ಏಣು ಎದ್ದಿದೆ. ಅಂಚುಗಳು ಒಂದನ್ನೊಂದು ಸಮೀಪಿಸುತ್ತ ಸೂಜಿಯಂತಹ ಮೊನೆಯಲ್ಲಿ ಕೂಡಿವೆ. ಕತ್ತಿಯ ಸೌಂದರ್ಯವೆಂಬುದು ಈ ಪ್ರಯೋಜನದಿಂದ ಬೇರೆಯಾದುದಲ್ಲ. ಇವು ಎತ್ತಲಾರದಷ್ಟು ಭಾರವೆಂಬ ಜನಜನಿತವಾದ ನಂಬಿಕೆಯೂ ಸಲ್ಲದು. ಒಂಟಿಕೈಯ ಕತ್ತಿಯ ತೂಕ ಸಾಮಾನ್ಯವಾಗಿ ಒಂದರಿಂದ ಒಂದೂವರೆ ಕಿಲೋಗ್ರಾಮಿನೊಳಗೆ.

ಆದರೆ ವರ್ಗವು ಕಾಲವಲ್ಲ. ಒಳ್ಳೆಯ ಆಕೃತಿಯೊಂದು ಶತಮಾನಕ್ಕೂ ಹೆಚ್ಚು ಬಾಳಬಹುದು. ಓಕ್‌ಷಾಟ್ ಅವರೇ 1991ರ ಗ್ರಂಥದಲ್ಲಿ ತಮ್ಮ ಕೆಲವು ಕಾಲನಿರ್ಣಯಗಳನ್ನು ತಿದ್ದಿಕೊಂಡಿರುವರು. ಅನುಯಾಯಿಗಳು ಅಷ್ಟು ಜಾಗರೂಕರಾಗಿಲ್ಲ. ವರ್ಗದ ಅಂಕಿಯನ್ನು ಶಾಸನದ ಮಿತಿಯೆಂಬಂತೆ ಓದುವರು. ಇದೂ ಒಂದು ಬಗೆಯ ಅಂಕಿತಶ್ರದ್ಧೆಯೇ ಸರಿ.

ಇದಲ್ಲದೆ, ಅಲಗು ಒಂದು ಕಾಲದ್ದು, ಹಿಡಿ ಮತ್ತೊಂದು ಕಾಲದ್ದು ಆಗಿರುವುದು ಅಪರೂಪವಲ್ಲ. ದಖ್ಖನಿನ ‘ಫಿರಂಗಿ’ ಕತ್ತಿಯೇ ಇದಕ್ಕೆ ನಿದರ್ಶನ. ಸಮುದ್ರಮಾರ್ಗವಾಗಿ ಬಂದ ಯುರೋಪಿನ ನೇರವಾದ ಅಲಗಿಗೆ ಇಲ್ಲಿಯವರು ತಮ್ಮ ರೀತಿಯ ಹಿಡಿಯನ್ನು ತೊಡಿಸಿ, ಬುಡದಲ್ಲಿ ಪಟ್ಟಿಗಳಿಂದ ಬಲಪಡಿಸಿದರು. ಅಂತಹ ಕತ್ತಿಯನ್ನು ವರ್ಣಿಸುವವರು ಅಲಗಿಗೂ ಹಿಡಿಗೂ ದೇಶಕಾಲಗಳನ್ನು ಬೇರೆಬೇರೆಯಾಗಿಯೇ ಬರೆಯತಕ್ಕುದು.